ಓಸ್ತಾಪನ ಟ್ರಕ್ಕಿನ ಮೂರನೆಯ ಪಿನ್ನು

ಈ ಕಥೆ ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ, ತಪ್ಪಿದ್ದರೆ ಕ್ಷಮಿಸಬೇಕು. ನಮ್ಮ ಸಸ್ಕಾಚೆವಾನ್ ಸೀಮೆಯಲ್ಲಿ ಕರೆಂಟಿನ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅವರು ಯಾರೂ ಒರಿಸಿಯಾಳ ಸುದ್ದಿ ಎತ್ತುವುದಿಲ್ಲವಾದ್ದರಿಂದ ನಾನು ಬಾಯಿ ತೆರೆದಿದ್ದೇನೆ.

ಒರಿಸಿಯಾ ಶಾಲೆಯ ನೆಲ ಒರೆಸಿ, ಬಾಯ್ಲರು ನೋಡಿಕೊಳ್ಳುವ ಹೆಂಗಸು. ನಲವತ್ತೇಳನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ ವೈರಿಂಗ್ ಕಲಿಯುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ನಪಾಸಾದದ್ದು ನೆಂಟರಿಗೆಲ್ಲ ಗೊತ್ತಿತ್ತು. ಆ ಜನವರಿಯಲ್ಲಿ, ಏಳನೆಯ ತಾರೀಕಿಗೆ ಬರುವ ಹಳೆಯ ಪಂಚಾಂಗದ ಕ್ರಿಸ್‌ಮಸ್ಸಿಗೆ, ಅಕ್ಕ ಹನ್ಯಾಳ ಹೊಲದ ಮನೆಗೆ ಮೂರು ದಿನ ಮೊದಲೇ ಬಂದಳು. ಅವಳು ಬಂದ ಮೇಲೆ ಗಾಳಿ ಎದ್ದು ರಸ್ತೆಗೆಲ್ಲ ಹಿಮದ ದಿಬ್ಬ ಬಿತ್ತು.

ಜನವರಿ ಆರು, ಹಬ್ಬದೂಟದ ಮುನ್ನಾದಿನ; ಬೆಳಿಗ್ಗೆ ಮೈನಸ್ ಮೂವತ್ತೆಂಟು ಡಿಗ್ರಿ. ಭಾವ ಓಸ್ತಾಪ ಪಟ್ಟಣದ ವೃದ್ಧಾಶ್ರಮದಿಂದ ತೊಂಬತ್ತೊಂದರ ತಾಯಿಯನ್ನು ಕರೆತರಬೇಕಿತ್ತು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ಹೊತ್ತಿಗೆ ಮುದುಕಿ ಮೇಜಿನ ತಲೆಯಲ್ಲಿ ಕೂರದೆ ಆ ಮನೆಯಲ್ಲಿ ಹಬ್ಬದೂಟ ಆದದ್ದೇ ಇಲ್ಲ. ಆ ದಿಬ್ಬಗಳನ್ನು ದಾಟಬಲ್ಲದ್ದು ಎತ್ತರದ ಹಳೆಯ ಟ್ರಕ್ಕು ಒಂದೇ. ಅದು ಇಂಜಿನ್ನಿನ ಹೀಟರಿಗೆ ವೈರು ಸಿಕ್ಕಿಸಿಕೊಂಡು ಕೊಟ್ಟಿಗೆಯ ಪಕ್ಕ ನಿಂತಿತ್ತು. ಹೀಟರಿಲ್ಲದೆ ಅಂಥ ಚಳಿಯಲ್ಲಿ ಯಾವ ಇಂಜಿನ್ನೂ ಕೆಮ್ಮುವುದೂ ಇಲ್ಲ.

ಹಿಂದಿನ ಸಂಜೆ ಟ್ರಕ್ಕಿನ ಬಂಪರಿಗೆ ಒರಿಸಿಯಾಳ ಬೆರಳು ತಾಗಿ ಜುಮ್ಮೆಂದಿತ್ತು. ಊಟದ ಹೊತ್ತಿಗೆ ಹೇಳಿಯೂ ಇದ್ದಳು.

"ಒಣ ಚಳಿ ಕಣೇ," ಎಂದು ಓಸ್ತಾಪ ನಕ್ಕಿದ್ದ. "ಬೆಕ್ಕಿನ ಬೆನ್ನು ಸವರಿದ್ರೂ ಚುರುಕ್ ಅನ್ನುತ್ತೆ. ನಾಳೆ ಬೆಕ್ಕಿಗೂ ಮೀಟರ್ ಇಡ್ತೀಯಾ?"

"ಅವಳನ್ನ ಕೆಣಕಬೇಡಿ, ಪಾಪ," ಎಂದಳು ಹನ್ಯಾ, ತಾನೂ ನಗುತ್ತ.

ನಗುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಚಳಿಗಾಲವಿಡೀ ಬಾಗಿಲ ಹಿಡಿ, ಕಂಬಳಿ, ಗಂಡನ ಕೆನ್ನೆ, ಯಾವುದನ್ನು ಮುಟ್ಟಿದರೂ ಕಿಡಿ ಹಾರುತ್ತದೆ. ಅದಕ್ಕೇ ಯಾರೂ ಲಕ್ಷ್ಯ ಕೊಡುವುದಿಲ್ಲ. ಆದರೆ ಆ ಕಿಡಿ ಒಮ್ಮೆ ಕಚ್ಚಿ ಸುಮ್ಮನಾಗುತ್ತದೆ. ಬಂಪರಿನ ಮೇಲೆ ಬೆರಳಿಟ್ಟಷ್ಟು ಹೊತ್ತೂ ಜುಮುಗುಟ್ಟುತ್ತಲೇ ಇತ್ತು. ಇಟ್ಟಿದ್ದೆನೋ, ಕೂಡಲೇ ತೆಗೆದೆನೋ ಎಂದು ಬೆಳಿಗ್ಗೆ ಹಿಟ್ಟು ನಾದುವಾಗಲೂ ಅವಳಿಗೆ ಅನುಮಾನ. ನಪಾಸಾದವಳ ಬೆರಳನ್ನು ನಂಬುವವರು ಯಾರು?

ಕೊನೆಗೆ ಕೈ ತೊಳೆದು, ಮೀಟರು ಹಿಡಿದು ಹೊರಗೆ ಹೋದಳು. ಒಂದು ಕಡ್ಡಿಯನ್ನು ಟ್ರಕ್ಕಿನ ಬಣ್ಣ ಕಿತ್ತ ಜಾಗಕ್ಕೆ, ಇನ್ನೊಂದನ್ನು ಪಕ್ಕದ ಕಬ್ಬಿಣದ ಗೇಟಿಗೆ ಒತ್ತಿದಳು. ನಮ್ಮಲ್ಲಿ ಗೋಡೆಯ ಕರೆಂಟೇ ನೂರಾ ಇಪ್ಪತ್ತು ವೋಲ್ಟು; ಮೀಟರು ತೋರಿಸಿದ್ದು ನೂರಾ ಹನ್ನೆರಡು. ಮೀಟರೇ ಕೆಟ್ಟಿರಬೇಕು ಎಂದುಕೊಂಡು ಮತ್ತೆ ಇಟ್ಟಳು. ನೂರಾ ಹನ್ನೆರಡು. ಮೂರನೆಯ ಸಲಕ್ಕೆ ಬಗ್ಗಿದಾಗ ಗೇಟು ಕಿರ್ರೆಂದಿತು.

ದನಗಳಿಗೆ ನೀರಿಟ್ಟು ಬಂದ ಓಸ್ತಾಪ! ಕೈಗವಸು ತೊಯ್ದು ತೊಪ್ಪೆ. ಎಡಗೈ ಗೇಟಿನ ಕಬ್ಬಿಣದ ಮೇಲಿತ್ತು, ಬಲಗೈ ಟ್ರಕ್ಕಿನ ಬಾಗಿಲ ಹಿಡಿಯ ಕಡೆ ಚಾಚಿತ್ತು.

"ಕೈ ತೆಗಿಯೋ ಮುಠ್ಠಾಳ!"

ಹದಿನೆಂಟು ವರ್ಷ ಅವನನ್ನು ಬಹುವಚನದಲ್ಲೇ ಕರೆದ ನಾದಿನಿ ಹಾಗೆ ಅರಚಿದ್ದಕ್ಕೆ ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಒರಿಸಿಯಾ ಕೊಟ್ಟಿಗೆಗೆ ಓಡಿ ಮೇನ್ ಇಳಿಸಿದಳು, ವೈರು ಕಿತ್ತಳು, ಬಂದು ಮತ್ತೆ ಅಳೆದಳು. ಸೊನ್ನೆ. ಆಮೇಲೆ ತಾನೇ ಮೊದಲು ಟ್ರಕ್ಕನ್ನು ಮುಟ್ಟಿ ತೋರಿಸಿದಳು.

ಬಾನೆಟ್ ಎತ್ತಿದರೆ ಹೀಟರಿನ ವೈರು ಚಳಿಗೆ ಒಣಗಿ ಬಿರಿದು, ಕಬ್ಬಿಣದ ಪಟ್ಟಿಗೆ ಉಜ್ಜಿ ತಾಮ್ರ ಕಾಣುತ್ತಿತ್ತು. ಅದರ ಪ್ಲಗ್ಗಿಗೆ ಎರಡೇ ಕಾಲು. ಅರ್ಥಿಂಗಿನ ಮೂರನೆಯ ಪಿನ್ನನ್ನು ಯಾರೋ ಇಕ್ಕಳದಿಂದ ಕತ್ತರಿಸಿದ್ದರು. ಕೊಟ್ಟಿಗೆಯ ಅಜ್ಜನ ಕಾಲದ ಸಾಕೆಟ್ಟಿಗೆ ಇರುವುದು ಎರಡೇ ತೂತು. ನಮ್ಮ ಸೀಮೆಯಲ್ಲಿ ಪ್ಲಗ್ಗು ಹೊಂದದಿದ್ದರೆ ಸಾಕೆಟ್ಟು ಬದಲಿಸುವುದಿಲ್ಲ, ಪಿನ್ನು ಕತ್ತರಿಸುತ್ತಾರೆ.

"ಆ ಪಿನ್ನು ಇದ್ದಿದ್ರೆ ಸೋರಿದ ಕರೆಂಟು ಅದರಲ್ಲೇ ಹೋಗಿ ಫ್ಯೂಸ್ ಹಾರ್ತಿತ್ತು, ಭಾವ," ಎಂದಳು. "ಇಲ್ಲದ್ದಕ್ಕೆ ನಿಮ್ಮ ಈ ಕೈಯಿಂದ ಆ ಕೈಗೆ ದಾರಿ ಹುಡುಕ್ತಿತ್ತು."

ಓಸ್ತಾಪ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಅದಿರ್ಲಿ. ಹೀಟರಿಲ್ಲದೆ ಇದು ಇನ್ನೊಂದು ಗಂಟೆಗೆ ಕಲ್ಲಾಗುತ್ತೆ. ಅಮ್ಮನ್ನ ಹೇಗೆ ತರ್ಲಿ?"

ಒರಿಸಿಯಾ ಕೆಂಪಾದಳು. ಭಾವನಿಗೆ ಹಬ್ಬದ ಉಡುಗೊರೆಯೆಂದು ಕೊಂಡ ಹೊಸ ಹೀಟರ್ ವೈರೊಂದು ಎರಡು ವಾರದಿಂದ ಅವಳ ಚೀಲದಲ್ಲಿತ್ತು. ನಗುತ್ತಾರೆಂದು ಹೇಳಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಅದನ್ನು ಕೂರಿಸಿದಳು. ಪಟ್ಟಿಗೆ ತಾಗದಂತೆ ಕಟ್ಟಿದಳು. ಪಂಪಿನ ಕೋಣೆಯಲ್ಲಿ ಮೂರು ತೂತಿನ, ಕರೆಂಟು ಸೋರಿದರೆ ತಾನೇ ಕಡಿಯುವ, ಅದನ್ನು ಪರೀಕ್ಷಿಸಲು ಗುಂಡಿಯಿರುವ ಹೊಸ ಸಾಕೆಟ್ಟಿತ್ತು. ಗುಂಡಿ ಒತ್ತಿದಳು, ಟಕ್ಕೆಂದು ಕರೆಂಟು ಕಡಿಯಿತು, ಮತ್ತೆ ಕೂರಿಸಿದಳು. ಅಲ್ಲಿಂದ ದಪ್ಪ ವೈರು ಎಳೆದಳು.

"ಮೊದಲು ಟ್ರಕ್ಕಿನ ಕಡೆ ಸಿಕ್ಕಿಸಿ. ಗೋಡೆ ಕಡೆ ಕೊನೆಗೆ," ಎಂದಳು.

"ಸರಿ ಮೇಷ್ಟ್ರೇ," ಎಂದ ಓಸ್ತಾಪ. ಆ ಮಾತಿನಲ್ಲಿ ಕುಹಕವಿರಲಿಲ್ಲ.

ಹನ್ಯಾ ಬಾಗಿಲಿಂದ ಕೂಗಿದಳು: "ಏನ್ರೀ ಅದು, ಇನ್ನೂ ಮುಗೀಲಿಲ್ವಾ?"

"ನಿನ್ನ ತಂಗಿ ನನ್ನನ್ನ ಮುಠ್ಠಾಳ ಅಂದ್ಲು ಕಣೇ!"

"ಕೊನೆಗೂ ಒಬ್ರು ಅಂದ್ರಲ್ಲ!"

ಇಂಜಿನ್ನು ಕಾದ ಮೇಲೆ, ಮಧ್ಯಾಹ್ನ ಎರಡೂವರೆಗೆ, ಒರಿಸಿಯಾ ಮತ್ತೊಮ್ಮೆ ಅಳೆದಳು. ಸೊನ್ನೆ. ಗೋಡೆಯ ಕಡೆ ಮೊದಲು ಕಿತ್ತಳು. ಓಸ್ತಾಪ ಕೀಲಿ ತಿರುಗಿಸಿದ. ಇಂಜಿನ್ನು ನರಳಿತು, ನಿಂತಿತು. ಎರಡನೆಯ ಸಲ ಗುರ್ರೆಂದು ಎದ್ದು, ಬಿಳಿ ಹೊಗೆ ಉಗುಳಿ, ಅಂಗಳ ಅದುರುವಂತೆ ಗುಡುಗಿತು! ಓಸ್ತಾಪ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಒರಿಸಿಯಾ ಹಿಮದಲ್ಲಿ ಕುಣಿದಳು. ಹನ್ಯಾ ಹಿಟ್ಟಿನ ಕೈಯಲ್ಲೇ ಬಂದು ತಂಗಿಯನ್ನು ತಬ್ಬಿಕೊಂಡಳು.

ಮುದುಕಿ ಒಳಗೆ ಬಂದು ಕೂತ ಮೇಲೇ ಕಿಟಕಿಯಲ್ಲಿ ನಕ್ಷತ್ರ ಕಂಡಿತು. ಓಸ್ತಾಪ ನಡೆದದ್ದನ್ನೆಲ್ಲ, ತನಗೆ ಬಿದ್ದ ಬೈಗುಳವನ್ನೂ ಬಿಡದೆ, ಹೇಳಿದ. ಗೋಧಿ, ಗಸಗಸೆ, ಜೇನಿನ ಕುತ್ಯಾದ ಮೊದಲ ಚಮಚವನ್ನು ಮನೆಯ ಯಜಮಾನ ಸೂರಿಗೆ ಎಸೆಯಬೇಕು. ಅಂಟಿಕೊಂಡರೆ ವರ್ಷ ಚೆನ್ನ. ಮುದುಕಿ ಮಗನ ಕೈಯಿಂದ ಚಮಚ ಕಿತ್ತುಕೊಂಡು ಒರಿಸಿಯಾಗೆ ಕೊಟ್ಟಳು.

"ಇವತ್ತು ನೀನೇ ಎಸಿ, ಮಗಳೇ."

"ನಂಗೆ ಬರಲ್ಲ, ಬಿದ್ದುಹೋದ್ರೆ?"

"ಎಸಿಯೇ ಅಂದ್ರೆ!"

ಎಸೆದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಆ ಪಿನ್ನು ಕತ್ತರಿಸಿದ್ದು ಯಾರೆಂದು ಮಾತ್ರ ತಿಳಿಯಲಿಲ್ಲ. ಓಸ್ತಾಪ ತೀರಿಕೊಂಡ ಅಪ್ಪನ ಹೆಸರು ಹೇಳುತ್ತಾನೆ, ಮುದುಕಿ ಮಗನ ಕಡೆ ನೋಡುತ್ತಾಳೆ. ಅವನು ಅವತ್ತು ಟ್ರಕ್ಕಿನ ಬಾಗಿಲ ಹಿಡಿಯನ್ನು ಹಿಡಿದೇ ಬಿಟ್ಟಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಅದು ಒರಿಸಿಯಾಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.