ಬಿದ್ದವನ ಮೇಲಂಗಿ

ನಾನು ಒಂದು ಕಪ್ಪು ಮೇಲಂಗಿ. ಗಾಂಧಿನಗರದಲ್ಲಿ ಸಿನಿಮಾದವರಿಗೆ ಬಟ್ಟೆ ಹೊಲಿಯುವ ದಸ್ತಗೀರ್ ಸಾಬರು ಒಂದೇ ಅಳತೆಯಲ್ಲಿ ನಮ್ಮಿಬ್ಬರನ್ನು ಹೊಲಿದರು. ರೇಷ್ಮೆಯ ಅಣ್ಣ ಹೀರೋಗೆ, ಕ್ಯಾನ್ವಾಸಿನ ನಾನು ಡ್ಯೂಪಿಗೆ. ಹೀರೋ ಮಾತಾಡುವಾಗ ಅಣ್ಣ, ಹಾರುವಾಗ, ಬೀಳುವಾಗ, ಬೆಂಕಿಗೆ ನುಗ್ಗುವಾಗ ನಾನು. "ಬೀಳೋ ಬಟ್ಟೆ ಗಟ್ಟಿ ಇರ್ಬೇಕು" ಎಂದು ಸಾಬರು ನನಗೆ ಎರಡೆರಡು ಸಲ ಹೊಲಿಗೆ ಹಾಕಿದರು.

ಸಿನಿಮಾದ ಕಥೆ ದೊಡ್ಡದೇನಲ್ಲ. ಪೊಲೀಸರ ಕೈಗೆ ಸಿಗದ ಕೇಡಿಗರನ್ನು ಮುಸುಕು ಹಾಕಿದ ವೀರನೊಬ್ಬ ಹುಡುಕಿ ಹುಡುಕಿ ಬಡಿಯುತ್ತಾನೆ. "ನಿಮ್ಮ ಕಾನೂನು ಎಲ್ಲಿ ಸುಸ್ತಾಗುತ್ತೋ, ಅಲ್ಲಿಂದ ನನ್ನ ಡ್ಯೂಟಿ ಶುರು" ಎಂದು ಗುಡುಗುತ್ತಾನೆ. ಅಷ್ಟು ಗುಡುಗಲು ಹೀರೋಗೆ ಹದಿನಾರು ಟೇಕ್ ಬೇಕಾಯಿತು.

ನನ್ನನ್ನು ತೊಟ್ಟವನು ಮುನಿವೆಂಕಟ. ತೊಡುವ ಮುಂಚೆ ದಿನಾ ನನ್ನನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅಣ್ಣನಿಗೆ ಅಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ಕಾಣೆ.

ಅವತ್ತು ಅರ್ಧ ಕಟ್ಟಿದ ಕಟ್ಟಡದ ನಾಲ್ಕನೇ ಅಂತಸ್ತಿನಿಂದ ಹಾರಬೇಕಿತ್ತು. ಸೊಂಟಕ್ಕೆ ಕಟ್ಟುವ ಹಗ್ಗವನ್ನು ವೆಂಕಟ ಬೆರಳಲ್ಲಿ ಉಜ್ಜಿ ನೋಡಿದ. "ಸಾರ್, ಈ ಹಗ್ಗ ಬ್ಯಾಡ. ಎಳೆ ಬಿಟ್ಕೊಂಡದೆ" ಅಂದ.

ಮ್ಯಾನೇಜರ್ ಸದಾನಂದ ಗಡಿಯಾರ ನೋಡಿಕೊಂಡ. "ಹೊಸದು ಬರೋಕೆ ಮಧ್ಯಾಹ್ನ ಆಗುತ್ತೆ ಕಣಯ್ಯ. ಹೀರೋ ಹನ್ನೆರಡಕ್ಕೆ ಹೊರಡ್ತಾರೆ. ಒಂದೇ ಶಾಟು, ಹಾರು."

ಅರವತ್ತು ಜನ ಕೇಳಿಸಿಕೊಂಡರು. ನಾವು ಹಾರಿದೆವು. ಹಗ್ಗ ಕಿತ್ತುಹೋಯಿತು. ನನ್ನ ಒಂದು ಹೊಲಿಗೆಯೂ ಬಿಚ್ಚಲಿಲ್ಲ, ವೆಂಕಟ ಮಾತ್ರ ಉಳಿಯಲಿಲ್ಲ.

'ಮೃತನ ಸ್ವಂತ ಅಜಾಗರೂಕತೆ' ಎಂದು ಪೊಲೀಸರು ಬರೆದುಕೊಂಡರು. ಆಸ್ಪತ್ರೆಯವರು ನನ್ನನ್ನು ಗಂಟು ಕಟ್ಟಿ ಅವನ ಹೆಂಡತಿ ಪಿಳ್ಳಮ್ಮನ ಕೈಗೆ ಕೊಟ್ಟರು. ಅವಳು ಆರು ತಿಂಗಳು ಠಾಣೆಗೆ ಅಲೆದಳು. "ಸಾಕ್ಷಿ ಕರ್ಕೊಂಡು ಬಾಮ್ಮ, ಆಮೇಲೆ ನೋಡೋಣ" ಎಂದು ಇನ್‌ಸ್ಪೆಕ್ಟರ್ ಪ್ರತಿ ಸಲವೂ ಹೇಳಿದ. ಸಾಕ್ಷಿ ಕೇಳಿಕೊಂಡು ಅವಳು ಮನೆ ಮನೆ ಸುತ್ತಿದಳು. "ಅಕ್ಕಾ, ನಾಳೆ ನಂಗೂ ಕೆಲ್ಸ ಬೇಕಲ್ವ?" ಎಂದು ವೆಂಕಟನ ಗೆಳೆಯರೇ ಬಾಗಿಲು ಹಾಕಿಕೊಂಡರು. ಕೇಡಿಗರನ್ನು ಹುಡುಕಿ ಬಡಿಯುವ ವೀರನೂ ಆ ಬೀದಿಗೆ ಬರಲಿಲ್ಲ. ಅವನು ಹನ್ನೆರಡಕ್ಕೇ ಹೊರಟುಹೋಗಿದ್ದನಲ್ಲ!

ಸಿನಿಮಾ ಬಂತು. ಪಿಳ್ಳಮ್ಮ ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ಬೆಳಗಿನ ಆಟಕ್ಕೆ ಹೋದಳು. ಪಾಪಿಗಳು ಆ ಶಾಟನ್ನು ಹಾಗೇ ಇಟ್ಟಿದ್ದರು. ಪರದೆಯ ಮೇಲೆ ವೆಂಕಟ ಬಿದ್ದ. ಮರುಕ್ಷಣವೇ ಅದೇ ನೆಲದಿಂದ ಹೀರೋ ಎದ್ದು ರೇಷ್ಮೆಯ ಧೂಳು ಕೊಡವಿದ. ಟಾಕೀಸೆಲ್ಲ ಶಿಳ್ಳೆ. ಪಿಳ್ಳಮ್ಮನ ಬೆರಳುಗಳು ನನ್ನನ್ನು ಹಿಂಡಿದವು. ಅವಳ ಹೊಟ್ಟೆಯ ಉರಿ ನನಗೂ ಹತ್ತಿತು.

ಐವತ್ತನೇ ದಿನದ ಸಮಾರಂಭ ಅದೇ ಟಾಕೀಸಿನಲ್ಲಿ, ಹಾಡಹಗಲಲ್ಲಿ ನಡೆಯಿತು. ಅಭಿಮಾನಿಗಳೆಲ್ಲ ಕಪ್ಪು ಬಟ್ಟೆ ತೊಟ್ಟು, ಮುಸುಕು ಹಾಕಿ ಬಂದಿದ್ದರು. ಪಿಳ್ಳಮ್ಮನೂ ನನ್ನನ್ನು ತೊಟ್ಟು, ಬೀದಿಯಲ್ಲಿ ಮಾರುವ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡಳು. ಫೈಟರುಗಳ ಕಡೆಯವರೆಂದು ತಿಳಿದು ಕಾವಲಿನವನು ವೇದಿಕೆಗೇ ಬಿಟ್ಟ. ಸದಾನಂದ ಹಾರ ಹಾಕಿಸಿಕೊಳ್ಳಲು ಕತ್ತು ಬಗ್ಗಿಸಿದ್ದ. ಹೊಡಿ ತಾಯಿ, ಹೊಡಿ ಎಂದು ನಾನು ಅವಳ ಬೆನ್ನಿಗಂಟಿಕೊಂಡೆ. ನನ್ನ ಮಡಿಕೆಯಲ್ಲಿ ಬಚ್ಚಿಟ್ಟು ತಂದಿದ್ದ, ಶುಂಠಿ ಜಜ್ಜುವ ಕಬ್ಬಿಣದ ಗುಂಡಿನಿಂದ ಅವಳು ಅವನ ಹಣೆಗೆ ಹೊಡೆದಳು.

ರಕ್ತ ಚಿಮ್ಮಿತು. ಜನ ಕುಣಿದರು. "ಇನ್ನೊಂದು ಹಾಕು ಬಾಸ್!"

"ನನ್ ಗಂಡನ್ನ ಕೊಂದೋನು ಇವ್ನು!" ಎಂದು ಪಿಳ್ಳಮ್ಮ ಕಿರುಚಿದಳು. ಡೈಲಾಗ್ ಚೆನ್ನಾಗಿದೆಯೆಂದು ಚಪ್ಪಾಳೆ ಬಿತ್ತು. ಅವಳು ಮುಖವಾಡ ಕಿತ್ತೆಸೆದ ಮೇಲೆ ಚಪ್ಪಾಳೆ ನಿಂತಿತು. ಆರು ತಿಂಗಳಲ್ಲಿ ಒಂದು ದಿನವೂ ಕುರ್ಚಿ ಬಿಟ್ಟೇಳದ ಇನ್‌ಸ್ಪೆಕ್ಟರ್ ಎರಡೇ ನಿಮಿಷದಲ್ಲಿ ಓಡಿ ಬಂದ.

ಸದಾನಂದ ಸಾಯಲಿಲ್ಲ, ಏಳು ಹೊಲಿಗೆ ಬಿತ್ತು. ಅಷ್ಟಕ್ಕೇ ಬಿಟ್ಟೆವಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕೇಸಿನ ಸಾಕ್ಷ್ಯವೆಂದು ನನಗೆ ಅರಗಿನ ಮುದ್ರೆ ಒತ್ತಿ, ಠಾಣೆಯ ಮೂಲೆಕೋಣೆಗೆ ಎಸೆದರು. ಬಣ್ಣ ಹೋಗಿದೆ, ಇಲಿಗಳು ಅಂಚು ಕಡಿದಿವೆ. ಅಣ್ಣ ಎಲ್ಲೋ ಮಾಲ್‌ನ ಗಾಜಿನ ಪೆಟ್ಟಿಗೆಯಲ್ಲಿದ್ದಾನಂತೆ.

ಜಾಮೀನಿನ ಮೇಲಿರುವ ಪಿಳ್ಳಮ್ಮ ವಾರಕ್ಕೊಮ್ಮೆ ರುಜು ಹಾಕಲು ಬರುತ್ತಾಳೆ. ಮೊನ್ನೆ ನನ್ನ ಕೋಣೆಯ ಬಾಗಿಲಲ್ಲೇ ನಿಂತು ಪೇದೆಯನ್ನು ಕೇಳಿದಳು. "ನಮ್ಮೆಜಮಾನ್ರ ಬಟ್ಟೆ ಯಾವಾಗ ಕೊಡ್ತೀರ ಸಾರ್?"

"ಕೇಸ್ ಮುಗೀಲಿ."

"ಅವ್ರ ಕೇಸಾ?"

"ಅದು ಯಾವತ್ತೋ ಕ್ಲೋಸ್ ಆಯ್ತಲ್ಲಮ್ಮ. ಇದು ನಿಂದು." ಪೇದೆ ಮೃದು ಮನುಷ್ಯ, ದನಿ ತಗ್ಗಿಸಿದ. "ಹೊಡ್ದಿಲ್ಲ ಅಂತ ಹೇಳ್ಬಿಡು. ಹೊಡ್ಯೋವಾಗ ಮುಖವಾಡ ಇತ್ತಲ್ಲ, ಅಲ್ಲಿದ್ದೋರೆಲ್ಲ ಕಪ್ಪು ಬಟ್ಟೇನೇ, ಲಾಯರ್ ಹೆಂಗೋ ಬಿಡಿಸ್ತಾನೆ."

"ಹೊಡ್ದೆ ಅಂತ್ಲೇ ಹೇಳ್ತೀನಿ ಸಾರ್. ಯಾಕೆ ಹೊಡ್ದೆ ಅಂತ ಜಡ್ಜು ಕೇಳ್ಬೇಕಲ್ಲ? ಗಾಯ ಆದೋನು ಅಂತ ಸದಾನಂದನೂ ಕಟಕಟೆ ಹತ್ಬೇಕಲ್ಲ? ಹಗ್ಗದ ವಿಷ್ಯ ಅಲ್ಲಿ ಹೇಳ್ಲಿ. ನನ್ನ ಒಳಗೆ ಹಾಕಿದ್ರೂ ಚಿಂತೆಯಿಲ್ಲ, ಅವ್ನು ಬಾಯ್ಬಿಡ್ಬೇಕು."

ಪೇದೆ ರುಜುವಿನ ಪುಸ್ತಕವನ್ನು ಅವಳ ಮುಂದೆ ತಳ್ಳಿದ. ಅವಳು ರುಜು ಹಾಕಿ ಹೋದಳು. ನಾನು ಇಲಿಗಳೊಂದಿಗೆ ಕಾದಾಡುತ್ತಾ ಕೋರ್ಟಿಗೆ ಹೋಗುವ ದಿನಕ್ಕಾಗಿ ಕಾಯುತ್ತಿದ್ದೇನೆ. ಸದಾನಂದ ಕಟಕಟೆ ಹತ್ತುವವರೆಗೆ ನಾನು ಹರಿಯುವುದಿಲ್ಲ.