ಒಂದೇ ಹಗ್ಗದ ಆಯತಗಳು

ಮಾದರಿ ಪಾಠವೆಂದರೆ ಶಾಂಭವಿ ಟೀಚರಿಗೆ ಮೊದಲೇ ಮೈಯುರಿ, ಅದರಲ್ಲೂ ಉಲ್ಲಾಸ್ ಮಾಸ್ತರನ ಮಾದರಿ ಪಾಠ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಶಾಲೆ ಶಾಲೆ ತಿರುಗಿ, ಮಕ್ಕಳು ತಾವೇ ಮಾಡಿ ಗಣಿತ ಕಲಿಯುವುದು ಹೇಗೆಂದು ಉಳಿದ ಶಿಕ್ಷಕರಿಗೆ ತೋರಿಸುವುದು ಆತನ ಈಗಿನ ಕೆಲಸ. ಇಂದು ಬಸ್ರೂರಿನ ಹತ್ತಿರದ ಈ ಶಾಲೆಯ ಸರದಿ. ಶಾಂಭವಿಯ ಏಳನೇ ತರಗತಿಯೇ ಬಲಿ.

ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ಗುಂಪು ಮಾಡಿ ಕೂರಿಸಿದ್ದಾಯಿತು. ಹಾಡಾಯಿತು, ಕುಣಿತವಾಯಿತು. ಹಿಂದೆ ಕುಳಿತ ಶಾಂಭವಿ, 'ಇವನಿಗೆ ಗಣಿತ ಬರುವುದಿಲ್ಲ, ಅದಕ್ಕೇ ಇಷ್ಟು ಹಾಡು' ಅಂದುಕೊಂಡಳು.

ಉಲ್ಲಾಸ್ ಪ್ರತಿ ಗುಂಪಿಗೂ ಒಂದೇ ಉದ್ದದ, ತುದಿ ಗಂಟು ಹಾಕಿದ ಹಗ್ಗ ಕೊಟ್ಟು ನೆಲದ ಮೇಲೆ ಆಯತ ಮಾಡಿಸಿದ. ಕೆಲವು ಅಗಲವಾದವು, ಕೆಲವು ಸಪೂರ.

"ಎಲ್ಲರ ಹಗ್ಗ ಒಂದೇ, ಅಂದ್ರೆ ಸುತ್ತಳತೆ ಒಂದೇ. ಹಾಗಾಗಿ ವಿಸ್ತೀರ್ಣವೂ ಒಂದೇ," ಎಂದ ಗೆಲುವಿನಿಂದ.

ಶಾಂಭವಿಗೆ ಕಿವಿ ಮುಚ್ಚಿಕೊಳ್ಳುವಂತಾಯಿತು.

ಮೋಕ್ಷಿತಾ ಎಂಬ ಹುಡುಗಿ ಎದ್ದು ನಿಂತಳು. "ಅದ್ ಹ್ಯಾಂಗ್ ಸರ್? ನಮ್ದ್ ಸಪೂರ ಇತ್ತ್. ಇಂಥಾ ಗದ್ದೆಯೊಳ್ಗೆ ಭತ್ತದ ನಟ್ಟಿ ಮಾಡುಕೆ ಜಾಗ ಎಲ್ಲಿತ್ತ್?"

"ಒಳ್ಳೇ ಪ್ರಶ್ನೆ. ಎಲ್ಲರೂ ಚಪ್ಪಾಳೆ ತಟ್ಟಿ," ಎಂದ ಉಲ್ಲಾಸ್ ಮುಂದಿನ ಚಾರ್ಟಿಗೆ ಕೈಹಾಕಿದ.

ಶಾಂಭವಿಗೆ ತಡೆಯಲಾಗಲಿಲ್ಲ. ಬಂದು ಆ ಗುಂಪಿನ ಪಕ್ಕ ನೆಲದ ಮೇಲೆ ಕುಳಿತಳು. "ಮೋಕ್ಷಿತಾ, ಇನ್ನೂ ಸಪೂರ ಮಾಡ್, ಕಾಂಬ."

ಹುಡುಗಿಯರು ಎರಡೂ ಕಡೆಯಿಂದ ಎಳೆದರು. ಹಗ್ಗದ ಬದಿಗಳು ಒಂದಕ್ಕೊಂದು ತಾಗಿದವು.

"ಹಗ್ಗ ಗಿಡ್ಡ ಆಯ್ತಾ?" ಶಾಂಭವಿ ಕೇಳಿದಳು.

"ಇಲ್ಲ ಟೀಚರ್."

"ಒಳ್ಗೆ ಜಾಗ?"

"ಎಂತದೂ ಇಲ್ಲ," ಎಂದು ಮೋಕ್ಷಿತಾ ನಕ್ಕಳು. ಹಾಗಾದರೆ ಹೆಚ್ಚು ಜಾಗ ಸಿಗುವುದು ಯಾವ ಆಯತಕ್ಕೆ ಎಂದು ಆಚೆ ಗುಂಪಿನವರು, ಯಾರೂ ಹೇಳದೆಯೇ, ತಮ್ಮ ಹಗ್ಗದ ಆಯತವನ್ನು ಅಗಲ ಮಾಡಿ ನೋಡತೊಡಗಿದರು.

ಗಂಟೆ ಬಾರಿಸಿದ ಮೇಲೆ ಜಗಲಿಯಲ್ಲಿ ಉಲ್ಲಾಸ್ ಬೆವರು ಒರೆಸಿಕೊಂಡ. "ಕಂಡ್ರ್ಯಾ ಮೇಡಂ, ಮಕ್ಳೇ ಜ್ಞಾನ ಕಟ್ಕಂಡ್ರ್."

"ನೀವ್ ತಪ್ಪ್ ಹೇಳ್ದ್ ಮೇಲೂ ಕಟ್ಕಂಡ್ರ್. ಮಕ್ಳ್ ಹೇಳುದ್ ಕೇಳುಕಾದ್ರೂ ನಮ್ಗೆ ವಿಷಯ ಗೊತ್ತಿರ್ಕ್. ಇಲ್ದಿರೆ ಬರೀ ಚಪ್ಪಾಳೆಯೇ."

ಆತನ ಮುಖ ಸಣ್ಣದಾಯಿತು. "ನಾಳೆ ಬೈಂದೂರಂಗೆ ಇದೇ ಪಾಠ ಇತ್ತ್. ಎಂತ ಮಾಡುದ್?"

"ರಜೆ ಹಾಕಿ."

ಆತ ರಜೆ ಹಾಕಲಿಲ್ಲ, ಪಾಠ ಬದಲಿಸಿದ. ಮರುದಿನ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಫೋಟೋ ಬಂತು: ಕಾಗದದ ರೊಟ್ಟಿಯನ್ನು ಅಡ್ಡಾದಿಡ್ಡಿ ದೊಡ್ಡ-ಸಣ್ಣ ನಾಲ್ಕು ಚೂರು ಮಾಡಿಸಿ, ಪ್ರತಿಯೊಂದರ ಮೇಲೂ 'ಕಾಲು ಭಾಗ' ಎಂದು ಮಕ್ಕಳಿಂದ ಬರೆಸಿದ್ದ. ಶಾಂಭವಿ ಫೋನು ಮಗುಚಿಟ್ಟು ತರಗತಿಗೆ ನಡೆದಳು.