ಎದುವಿನಾಳ ಮನೆ ದಾಟಿಸಿದ ದಿನ

ಬೇಡಲು ಹೋಗಬೇಕಾದವನು ರುದೆಸಿಂದೊ. ಆದರೆ ಆ ಮಹಾಶಯ ಒಲೆ ಮುಂದೆ ಕೂತು ಬೂಟಿನ ದಾರ ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು, ಇದರಲ್ಲೇ ಬೆಳಗು ಕಳೆದ. ಕೊನೆಗೆ ಹೆಂಡತಿ ಎದುವಿನಾ ತಾನೇ ಉಣ್ಣೆಯ ಶಾಲು ಹೊದ್ದು, ದೋಣಿ ಬಿಚ್ಚಿಕೊಂಡು, ಕೊಲ್ಲಿಯ ಆಚೆ ದಡದಲ್ಲಿದ್ದ ತನ್ನ ತವರಿಗೆ ಹೊರಟಳು. ಇದು ಕೂಲಿ ಕೊಟ್ಟು ಮಾಡಿಸುವ ಕೆಲಸವಲ್ಲ. ಚಿಲಿ ದೇಶದ ಈ ಚಿಲೋಯೆ ನಡುಗಡ್ಡೆಯಲ್ಲಿ ಮರದ ಮನೆಯನ್ನು ಇಡಿಯಾಗಿ ಸಾಗಿಸಬೇಕಾದರೆ ಪ್ರತಿ ಹೊಸ್ತಿಲಲ್ಲೂ ನಿಂತು ಬಾಯಿಬಿಟ್ಟು ಮಿಂಗಾ ಬೇಡಬೇಕು. ಒಪ್ಪಿದವರು ಎತ್ತು ಹೊಡೆದುಕೊಂಡು ಬಂದು ಎಳೆದುಕೊಡುತ್ತಾರೆ. ಮನೆಯವರು ಅವರಿಗೆ ಹೊಟ್ಟೆ ಬಿರಿಯುವ ಹಾಗೆ ಬಡಿಸುತ್ತಾರೆ, ನಾಳೆ ಅವರ ಕೆಲಸಕ್ಕೆ ತಾವೂ ಹೋಗುತ್ತಾರೆ.

ಅಣ್ಣ ಒನೋಫ್ರೆ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ?"

"ಮನೆ ದಾಟಿಸ್ಬೇಕು ಅಣ್ಣ. ಆ ಕಡೆ ದಂಡೆ ಕುಸೀತಾ ಇದೆ, ಕೋಳಿಗೂಡು ಆಗ್ಲೇ ನೀರಿಗೆ ಹೋಯ್ತು. ಇಲ್ಲಿ ಅಮ್ಮ ಕೊಟ್ಟ ಜಾಗಕ್ಕೆ ತಂದು ನಿಲ್ಲಿಸ್ತೀನಿ. ಮಿಂಗಾ ಬೇಡೋಕೆ ಬಂದೆ."

"ನಿನ್ನ ಗಂಡನಿಗೆ ಕಾಲಿಲ್ವಾ?"

"ಕಾಲಿದೆ. ಮುಖ ಇಲ್ಲ."

ಒಳಗಿಂದ ಅತ್ತಿಗೆ ಕೂಗಿದಳು, "ಲಾರಿಗೆ ದಾರಿ ತೋರ್ಸೋಕೆ ಮಾತ್ರ ಇತ್ತೇನೋ!"

ಆ ಲಾರಿಯ ಕಥೆ ಊರಿನ ಮಕ್ಕಳಿಗೂ ಗೊತ್ತು. ಪಾಚಿ ಹಬ್ಬಿ ಕಡಲು ಕೆಂಪಾದ ವರ್ಷ ಚಿಪ್ಪುಮೀನೆಲ್ಲ ವಿಷವಾಯಿತು, ಹಿಡಿದರೂ ತಿನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ. ಜನ ಸಾಲ್ಮನ್ ಮೀನು ಸಾಕುವ ಕಂಪನಿಯ ಮೇಲೆ ಬೊಟ್ಟು ಮಾಡಿದರು, ಟೈರು ಸುಟ್ಟು ಹೆದ್ದಾರಿ ತಡೆದು ಕೂತರು. ಮಳೆಯಲ್ಲಿ, ಚಳಿಯಲ್ಲಿ, ಹಸಿದ ಹೊಟ್ಟೆಯಲ್ಲಿ. ಆಗ ಕಂಪನಿಯ ಮೇಸ್ತ್ರಿಯಾಗಿದ್ದ ರುದೆಸಿಂದೊ ಒಂದು ಬೆಳಗಿನ ಜಾವ ಕಂಪನಿಯ ಲಾರಿಗಳನ್ನು ಒಳದಾರಿಯಿಂದ ದಾಟಿಸಿಬಿಟ್ಟ. ಆ ಒಳದಾರಿ ಯಾವುದು ಅಂದುಕೊಂಡಿರಿ? ಎದುವಿನಾಳ ಅಪ್ಪನ ಆಲೂಗಡ್ಡೆ ಹೊಲ! ಗಾಲಿಯ ಗುರುತು ಎಷ್ಟೋ ಕಾಲ ಉಳಿದಿತ್ತು. ಎದುವಿನಾಳಿಗೆ ಮುಂಚೆಯೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ನಾನು ಅವಳ ಪರವಾಗಿ ಸುಳ್ಳು ಹೇಳುವುದಿಲ್ಲ. ಗಂಡನ ಬುತ್ತಿ ಕಟ್ಟಿದ್ದು ಅವಳೇ.

ಆಮೇಲೆ ಕಂಪನಿ ಕೆಲಸದವರನ್ನು ಕಡಿಮೆ ಮಾಡಿತು. ಮೊದಲು ಹೋದವನು ರುದೆಸಿಂದೊನೇ. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಅವಳ ಅಪ್ಪ ಸತ್ತಾಗ ಶವದ ಹತ್ತಿರ ಅವಳಿಗೆ ಜಾಗ ಬಿಟ್ಟರು, ಮಾತು ಮಾತ್ರ ಯಾರೂ ಆಡಲಿಲ್ಲ. ದಂಡೆ ಕುಸಿದದ್ದು ನೆಪ. ಆ ಮನೆ ಬಿಟ್ಟು ಎಲ್ಲಾದರೂ ಬಾಡಿಗೆಗೆ ಇರಬಹುದಿತ್ತು. ತನ್ನವರ ನಡುವೆ ಬಂದು ಕೂರಬೇಕು, ಅತ್ತಿಗೆ ಬೇಲಿಯಾಚೆಯಿಂದ ಉಪ್ಪು ಕೇಳಬೇಕು, ಇಷ್ಟೇ ಅವಳ ಆಸೆ.

ಒನೋಫ್ರೆ ದಾರ ಹಲ್ಲಿನಿಂದ ಕಡಿದ. "ಬರ್ತೀವಿ ಹೋಗು. ಅಪ್ಪ ಎಲ್ಲರ ಮನೇನೂ ಎಳೆದಿದಾನೆ."

ಎದುವಿನಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಲ್ಲಿಂದ ಬಾಗಿಲು ಬಾಗಿಲಿಗೆ ಹೋದಳು. ಎಲ್ಲ ಕಡೆ ಅದೇ ಉತ್ತರ: ಬರ್ತೀವಿ. ಯಾರೂ ಒಳಗೆ ಬಾ ಅನ್ನಲಿಲ್ಲ, ಅದು ಅವಳ ಗಮನಕ್ಕೂ ಬರಲಿಲ್ಲ. ಕೊನೆಗೆ ತ್ರಾನ್ಸಿತೊ ಅಜ್ಜಿ ಸಿಕ್ಕಳು. ಊರಿನಲ್ಲಿ ಎಲ್ಲರಿಗಿಂತ ಹಿರಿಯಳು, ನಾಲಿಗೆ ಮಾತ್ರ ಇನ್ನೂ ಚೂಪು.

"ಒಪ್ಪಿದ್ರಾ? ಒಪ್ತಾರೆ ಬಿಡು. ಆದ್ರೆ ಜಾಸ್ತಿ ಹಿಗ್ಬೇಡ ಕಣೇ. ಇಡೀ ಚಿಲಿ ಸ್ಪೇನಿನ ರಾಜನಿಗೆ ಗೇಟ್ ತೋರಿಸಿ ಎಂಟು ವರ್ಷ ಆದ್ರೂ ಈ ನಡುಗಡ್ಡೆ ಮಾತ್ರ ಅವನ ಬಾಲ ಹಿಡ್ಕೊಂಡು ಕೂತಿತ್ತಂತೆ. ನಮ್ಮ ಜನಕ್ಕೆ ಬಿಡೋದು ಬರಲ್ಲ. ಪ್ರೀತಿನೂ ಬಿಡಲ್ಲ, ಸಿಟ್ಟೂ ಬಿಡಲ್ಲ."

"ಅಜ್ಜೀ, ನಿಂದು ಯಾವಾಗ್ಲೂ ಅಪಶಕುನ!" ಅಂತ ನಕ್ಕು ಎದುವಿನಾ ದೋಣಿ ಹತ್ತಿದಳು.

ಮಿಂಗಾದ ದಿನ ಕಡಲಿನ ಇಳಿತದ ಹೊತ್ತಿಗೆ ಜನ ಬಂದರು. ಯಾರೂ ತಪ್ಪಿಸಲಿಲ್ಲ. ಒಲೆ, ಗಾಜು, ಮಂಚ ಎಲ್ಲ ಹೊರಗೆ ತೆಗೆದಿಟ್ಟು, ಮನೆಯ ಅಡಿಗೆ ದಿಮ್ಮಿ ತೂರಿಸಿ, ಎತ್ತಿನ ಜೋಡಿಗಳನ್ನು ಸಾಲಾಗಿ ಹೂಡಿದರು. ಒನೋಫ್ರೆ ಮುಂದೆ ನಿಂತು ಕೂಗು ಹಾಕಿದ. ಮರದ ಮನೆ ನರಳುತ್ತಾ ಕದಲಿತು, ಇಳಿಜಾರಿನಲ್ಲಿ ಜಾರಿ ಮರಳಿಗೆ ಬಂತು. ಅರವತ್ತನೇ ಇಸವಿಯ ಭೂಕಂಪದಲ್ಲಿ ಕಡಲು ಎದ್ದು ಬಂದಾಗಲೂ ಜಗ್ಗದ ಮನೆ ಅದು. ಸುತ್ತ ಪೀಪಾಯಿ ಬಿಗಿದು ಉಬ್ಬರಕ್ಕೆ ಕಾದರು. ನೀರು ಏರಿತು, ಮನೆ ತೇಲಿತು, ಮಾಡಿನ ಮೇಲೆ ಬಾವುಟ ಪಟಪಟ ಅಂದಿತು. ಮೋಟಾರು ದೋಣಿಗಳು ಎಳೆದುಕೊಂಡು ಹೊರಟವು. ಎದುವಿನಾ ಆಗ ತವರಿನ ದಡದಲ್ಲಿದ್ದಳು, ಅಡುಗೆಯ ಕುಳಿಯ ಹತ್ತಿರ. ತನ್ನ ಮನೆ ನೀರಿನ ಮೇಲೆ ನಡೆದು ಬರುವುದನ್ನು ಕಂಡು ಶಾಲಿನ ತುದಿ ಬಾಯಿಗೆ ಒತ್ತಿಕೊಂಡು ಅತ್ತಳು.

ಕುಳಿಯಲ್ಲಿ ಕೆಂಪಗೆ ಕಾದ ಕಲ್ಲು ಹಾಸಿ, ಅದರ ಮೇಲೆ ಚಿಪ್ಪುಮೀನು, ಕುರಿಮಾಂಸ, ಹೊಗೆಯಾಡಿಸಿದ ಹಂದಿ, ಆಲೂಗಡ್ಡೆ, ಆಲೂಗಡ್ಡೆಯದೇ ರೊಟ್ಟಿ ಪೇರಿಸಿ, ನಾಲ್ಕಾ ಅನ್ನುವ ಗಿಡದ ಅಗಲವಾದ ಎಲೆ ಮುಚ್ಚಿ, ಮೇಲೆ ಹುಲ್ಲುಮಣ್ಣಿನ ಹೆಂಟೆ ಹೊದಿಸಿದ್ದಳು. ಇದ್ದ ಎರಡು ಕುರಿಗಳನ್ನೂ ಕಡಿಸಿದ್ದಳು. ಸೇಬಿನ ಹೆಂಡ ಚೀಚಾದ ಪೀಪಾಯಿ ಪಕ್ಕದಲ್ಲಿತ್ತು. ಈ ಅಡುಗೆಗೆ ಕುರಾಂತೊ ಅನ್ನುತ್ತಾರೆ, ಅದರ ಕುಳಿ ತೆರೆಯುವುದು ಬಂದವರೆಲ್ಲ ಸೇರಿದ ಮೇಲೆ, ಎಲ್ಲರ ಎದುರಿಗೆ. ಆವಿ ಏಳುವಾಗ ಆಗುವ ಗದ್ದಲವೇ ಹಬ್ಬ.

ಎತ್ತುಗಳು ದಡಕ್ಕೆಳೆದ ಮನೆ ಸಂಜೆಗೆ ಮುಂಚೆ ಅಮ್ಮನ ಜಾಗದಲ್ಲಿ ಕೂತಿತು. ಒನೋಫ್ರೆ ನೀರಮಟ್ಟ ಇಟ್ಟು ನೋಡಿ, ಒಂದು ಮೂಲೆಗೆ ಕಲ್ಲು ಸಿಕ್ಕಿಸಿದ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು, ಒಂದು ಹಲಗೆ ಬಿರುಕು ಬಿಟ್ಟಿರಲಿಲ್ಲ. ಆಮೇಲೆ ಅವನು ಎತ್ತಿನ ನೊಗದ ಹಗ್ಗ ಸುತ್ತತೊಡಗಿದ. ಉಳಿದವರೂ ಸುತ್ತಿದರು. ಒಬ್ಬೊಬ್ಬರಾಗಿ ಎತ್ತು ತಿರುಗಿಸಿದರು.

"ಅಯ್ಯೋ, ಎಲ್ಲಿಗೆ? ಬನ್ನಿ, ಕುಳಿ ತೆರೀತೀವಿ!" ಅಂತ ಎದುವಿನಾ ಓಡಿದಳು. ಕೆಲವರು ತಲೆ ಬಗ್ಗಿಸಿದರು, ಒಬ್ಬ ಟೋಪಿ ಮುಟ್ಟಿದ. ನಿಲ್ಲಲಿಲ್ಲ ಯಾರೂ. ಅವಳು ಲೋಟಕ್ಕೆ ಚೀಚಾ ತುಂಬಿ ಅಣ್ಣನ ಅಡ್ಡ ನಿಂತಳು.

"ನೀನಾದ್ರೂ ಒಂದು ಗುಟುಕು ಕುಡಿ ಅಣ್ಣ."

"ಬೇಡಮ್ಮ."

"ಮತ್ತೆ ಯಾಕೆ ಬಂದ್ರಿ? ಬರಲ್ಲ ಅಂತ ಅವತ್ತೇ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತು!"

ಒನೋಫ್ರೆ ಮೊದಲ ಸಲ ಅವಳನ್ನು ನೇರ ನೋಡಿದ. ದನಿ ಏರಲಿಲ್ಲ, ಏರಿದ್ದರೆ ಅವಳಿಗೂ ಜಗಳವಾಡುವುದಕ್ಕೆ ಏನಾದರೂ ಸಿಗುತ್ತಿತ್ತು.

"ಭೂಕಂಪ ಆದ್ಮೇಲೆ ಅಪ್ಪ ಈ ಊರಿನ ಎಲ್ಲರ ಮನೆ ಎಳೆದ. ತನ್ನ ಮನೆಗೆ ಅಂತ ಯಾವತ್ತೂ ಯಾರನ್ನೂ ಕರೀಲಿಲ್ಲ. ಊರು ಅವನಿಗೆ ಒಂದು ದಿನದ ದುಡಿಮೆ ಕೊಡೋದಿತ್ತು. ಅವನ ಮಗಳಿಗೆ ಇವತ್ತು ಕೊಟ್ವಿ. ಇನ್ನೇನೂ ಬಾಕಿ ಇಲ್ಲ."

"ಊಟ ಮಾಡಿ ಹೋದ್ರೆ ಏನು ಕಳ್ಕೋತಿದ್ರಿ?"

"ನಿನ್ನ ಅನ್ನ ಉಂಡ್ರೆ ನಾಳೆ ನೀನು ನಮ್ಮನೆಗೆ ಬರ್ಬೇಕು, ನಾಳಿದ್ದು ನಾವು ನಿಮ್ಮನೆಗೆ. ಮತ್ತೆ ಶುರುವಾಗುತ್ತೆ. ಬೇಡ ಎದುವಿನಾ."

ಹಾಗಂದು ಎತ್ತಿನ ಬೆನ್ನು ತಟ್ಟಿ ನಡೆದ. ಬೇಲಿ ಅಷ್ಟು ಹತ್ತಿರ, ಅತ್ತಿಗೆಯ ಒಲೆಯ ಹೊಗೆ ಇವಳ ಅಂಗಳಕ್ಕೆ ಬರುತ್ತಿತ್ತು. ಆ ಕಡೆ ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು. ಇನ್ನು ಬದುಕಿರುವಷ್ಟು ದಿನ ಕೇಳಿಸುತ್ತದೆ.

ಜನ ಹೋಗುವವರೆಗೂ ಮನೆಯೊಳಗೆ ಅವಿತಿದ್ದ ರುದೆಸಿಂದೊ ಈಗ ಹೊರಬಂದ. ಕುಳಿಯ ಅಂಚಿನಿಂದ ಎಳೆ ಎಳೆಯಾಗಿ ಆವಿ ಏಳುತ್ತಿತ್ತು, ಮಾಂಸದ ಘಮ ಊರಿಡೀ ಹಬ್ಬಿತ್ತು.

"ತೆರೆಯೋಣ್ವಾ? ಬೆಂದಿರುತ್ತೆ," ಅಂದ ಮೆಲ್ಲಗೆ.

ಎದುವಿನಾ ಕೈಯಲ್ಲಿದ್ದ ಲೋಟದ ಚೀಚಾ ನೆಲಕ್ಕೆ ಚೆಲ್ಲಿದಳು. ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು, ಆವಿ ಬರುವ ಕಡೆಗೆಲ್ಲ ಮಣ್ಣು ಎಳೆದು ಹಾಕತೊಡಗಿದಳು. ಅವನು ನೋಡುತ್ತಾ ನಿಂತ. ಆವಿ ಪೂರ್ತಿ ನಿಲ್ಲುವವರೆಗೂ ಅವಳು ಗುದ್ದಲಿ ಬಿಡಲಿಲ್ಲ.